ನೆರೆ ನುಗ್ಗುವ ಹಳೇ ಮನೆ ಎತ್ತರಿಸಲು ಸರ್ಕಾರದ ದುಡ್ಡು: ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ

ಉತ್ತರ ಕನ್ನಡದ ಗಂಗಾವಳಿ, ಅಘನಾಶಿನಿ, ಕಾಳಿ, ಶರಾವತಿ ದಂಡೆಯ ಎಷ್ಟೋ ಹಳೇ ಮನೆಗಳ ಬಾಗಿಲು ಈಗ ತೆರೆಯುವುದು ಬೇಸಿಗೆ ರಜೆಗೆ, ಚೌತಿ ಹಬ್ಬಕ್ಕೆ ಮಾತ್ರ. 2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಯ ನಂತರ ಇಂಥ ಮನೆಗಳ ವಾರಸುದಾರರು ಕೇಳುವುದು ಒಂದೇ: ಮನೆ ಎತ್ತರಿಸಲು ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?

ಅಮೆರಿಕದಲ್ಲಿ ಫೆಮಾ ಎಂಬ ವಿಪತ್ತು ನಿರ್ವಹಣಾ ಸಂಸ್ಥೆ ಸ್ಥಳೀಯ ಆಡಳಿತದ ಮೂಲಕ ಮನೆ ಎತ್ತರಿಸುವುದಕ್ಕೆಂದೇ ಅನುದಾನ ಕೊಡುತ್ತದೆ. ನಮ್ಮಲ್ಲಿ ಅಂಥ ಯೋಜನೆ ಇಲ್ಲ. ಇಲ್ಲಿ ದುಡ್ಡು ಬರುವುದು ವಾಸದ ಮನೆ ಬಿದ್ದಾಗ, ಅಲ್ಲಿ ವಾಸವಿರುವವರಿಗೆ. ಹಾಗಾಗಿ ಅರ್ಜಿ ಬರೆಯುವ ಮೊದಲು ಆ ಮನೆಯಲ್ಲಿ ಯಾರು ವಾಸವಿದ್ದಾರೆ, ಮನೆಯ ಖಾತೆ (ಆಸ್ತಿ ದಾಖಲೆ) ಯಾರ ಹೆಸರಲ್ಲಿದೆ ಎಂಬ ಎರಡು ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳಿ.

ಅಪ್ಪ, ಅಮ್ಮ ಅಥವಾ ಅಣ್ಣನ ಕುಟುಂಬ ವರ್ಷಪೂರ್ತಿ ಅಲ್ಲೇ ಇದ್ದರೆ ಅರ್ಜಿ ಅವರ ಹೆಸರಲ್ಲೇ ಹೋಗಬೇಕು. ಯಾರೂ ಇಲ್ಲದಿದ್ದರೆ ಇದ್ದಾರೆ ಎಂದು ತೋರಿಸಲು ಹೋಗಬೇಡಿ. ಪಡಿತರ ಚೀಟಿ, ಮತದಾರರ ಪಟ್ಟಿ, ಮಳೆಗಾಲದ ಹೆಸ್ಕಾಂ ವಿದ್ಯುತ್ ಬಿಲ್ ನೋಡಿದರೆ ಸತ್ಯ ತಿಳಿಯುತ್ತದೆ. ಅಷ್ಟೇ ಅಲ್ಲ, ಅದು ಕಾಳಜಿ ಕೇಂದ್ರದಲ್ಲಿ (ನೆರೆ ಸಂತ್ರಸ್ತರ ತಾತ್ಕಾಲಿಕ ಆಶ್ರಯ) ಮಲಗಿದವರಿಗೆ ಸೇರಬೇಕಾದ ಹಣ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಾಗಿಲೂ ಬೇರೆಡೆ ಮನೆ ಮಾಡಿಕೊಂಡ ವಾರಸುದಾರರಿಗೆ ಮುಚ್ಚಿದೆ: ದೇಶದಲ್ಲಿ ಎಲ್ಲೇ ಆಗಲಿ ಕುಟುಂಬಕ್ಕೆ ಪಕ್ಕಾ ಮನೆ ಇದ್ದರೆ ಅರ್ಹತೆ ಇಲ್ಲ. ಬೆಂಗಳೂರಿನ ಫ್ಲಾಟೂ ಲೆಕ್ಕಕ್ಕೆ ಬರುತ್ತದೆ.

ಮಳೆಗಾಲಕ್ಕೆ ಮೊದಲೇ ಕಾಗದಪತ್ರ

ಹೆಚ್ಚಿನ ಅರ್ಜಿಗಳು ಬೀಳುವುದು ಖಾತೆಯಲ್ಲಿ. ಮನೆ ಇನ್ನೂ ಅಜ್ಜನ ಹೆಸರಲ್ಲಿರುತ್ತದೆ, ಪರಿಹಾರದ ಹಣ ಹೋಗಬೇಕಾದದ್ದು ಮೊಮ್ಮಗನ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ವಂಶವೃಕ್ಷ, ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಕೊಟ್ಟು ಪಂಚಾಯಿತಿ ಖಾತೆ ಬದಲಾಯಿಸಿ. ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11-ಎ ಪಡೆದುಕೊಳ್ಳಿ. ಅಧಿಕೃತವಲ್ಲದ ಆಸ್ತಿಗೆ ಕೊಡುವ 11-ಬಿ ಮಾತ್ರ ಇದ್ದರೆ ಎಚ್ಚರ. ಹಾನಿಯಾದ ಮನೆ ಅಧಿಕೃತ ಕಟ್ಟಡವಾಗಿರಬೇಕು ಎಂದು ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲೇ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿದ್ದರೆ ಸಾಲದು, ನೇರ ನಗದು ವರ್ಗಾವಣೆಗೆ ಅದೇ ಖಾತೆ ಮ್ಯಾಪ್ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ.

ಸಮುದ್ರ ಅಥವಾ ಉಬ್ಬರದ ನೀರು ಹತ್ತುವ ಹೊಳೆಯ ಪಕ್ಕದ ಮನೆಗೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮವೂ ಅಂಟಿಕೊಂಡಿರುತ್ತದೆ. 2019ರ ಅಧಿಸೂಚನೆಯ ಪ್ರಕಾರ ಸಿಆರ್‌ಜೆಡ್-3ರ (ಗ್ರಾಮೀಣ ಕರಾವಳಿ) ನಿರ್ಮಾಣ ನಿಷಿದ್ಧ ವಲಯದಲ್ಲೂ ಈಗಾಗಲೇ ಇರುವ ಅಧಿಕೃತ ಮನೆಯನ್ನು ದುರಸ್ತಿ ಮಾಡಬಹುದು, ಕೆಡವಿ ಕಟ್ಟಬಹುದು. ಆದರೆ ಪ್ಲಿಂತ್ (ಮನೆಯ ತಳಕಟ್ಟು) ವಿಸ್ತೀರ್ಣ ಮತ್ತು ಎಫ್‌ಎಸ್‌ಐ (ಜಾಗದ ವಿಸ್ತೀರ್ಣಕ್ಕೆ ಕಟ್ಟಡದ ಒಟ್ಟು ನೆಲದ ಅನುಪಾತ) ಹಿಂದಿನದ್ದನ್ನು ಮೀರುವಂತಿಲ್ಲ. ಮನೆ ಎತ್ತರಿಸುವವರು ತಪ್ಪುವುದು ಇಲ್ಲೇ. ನೆಲ ಐದು ಅಡಿ ಮೇಲೆ ಹೋದರೆ ಎಂಟು ಹತ್ತು ಮೆಟ್ಟಿಲು ಬೇಕಾಗುತ್ತದೆ. ಅವನ್ನು ಅಂಗಳಕ್ಕೆ ಚಾಚಿದರೆ ವಿಸ್ತೀರ್ಣ ಹೆಚ್ಚಿತೆಂಬ ತಕರಾರಿಗೆ ದಾರಿ. ಮೆಟ್ಟಿಲನ್ನು ಹಳೇ ಜಗುಲಿಯ ಗೆರೆಯೊಳಗೇ ಕೂರಿಸಿ ನಕ್ಷೆ ಮಾಡಿಸಿ. ಹಳೇ ಪ್ಲಿಂತಿನ ಅಳತೆ ಮತ್ತು ಫೋಟೋ ಸಮೇತ ಕಾರವಾರದ ಸಿಆರ್‌ಜೆಡ್ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಪಂಚಾಯಿತಿ ಅಥವಾ ನಗರಸಭೆಯ ಪರವಾನಗಿಗೆ ಹೋಗಿ.

ನೀರು ಬಂದ ದಿನ

ಪರಿಹಾರಕ್ಕೆ ಬೇರು ಪಂಚನಾಮೆ, ಅಂದರೆ ಅಧಿಕಾರಿಗಳು ಸ್ಥಳದಲ್ಲೇ ಬರೆದುಕೊಳ್ಳುವ ಹಾನಿಯ ದಾಖಲೆ. ನೀರು ನಿಂತಿರುವಾಗಲೇ ಗೋಡೆಗೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿಗೆ ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚನಾಮೆ ಆಗುವ ಮೊದಲು ಕುಸಿದ ಗೋಡೆಯ ಕಲ್ಲು ಎತ್ತಿ ಅಂಗಳ ಚೊಕ್ಕ ಮಾಡಿದರೆ ಹಾನಿಯ ಪ್ರಮಾಣ ಕಡಿಮೆ ಬರೆದುಕೊಳ್ಳುತ್ತಾರೆ.

ನಮ್ಮ ಹಳೇ ಮನೆಗಳದ್ದು ಇನ್ನೊಂದು ಕಾಟ. ಚಿರೆಕಲ್ಲಿನ ಗೋಡೆಗೆ ಮಣ್ಣಿನ ಗಾರೆ. ನೆರೆಯಲ್ಲಿ ಅದು ಮೆತ್ತಗಾಗಿ ಕರಗುತ್ತದೆ. ನೀರು ಇರುವಾಗ ನಿಂತ ಗೋಡೆ ನೀರು ಇಳಿದ ಮೇಲೆ, ಕೆಲವೊಮ್ಮೆ ವಾರ ಕಳೆದು ಬಿಸಿಲು ಬಂದಾಗ ಕುಸಿಯುತ್ತದೆ. ಮೊದಲ ಸಮೀಕ್ಷೆಯಲ್ಲಿ ಭಾಗಶಃ ಎಂದು ಬರೆದಿದ್ದರೆ ತಹಶೀಲ್ದಾರರಿಗೆ ಹೊಸ ಫೋಟೋ ಸಮೇತ ಮರುಸಮೀಕ್ಷೆಗೆ ಕೂಡಲೇ ಅರ್ಜಿ ಹಾಕಿ.

ಮೊತ್ತದ ವ್ಯತ್ಯಾಸ ದೊಡ್ಡದು. 2022ರಿಂದ 2026ರವರೆಗಿನ ಕೇಂದ್ರದ ಮಾರ್ಗಸೂಚಿಯಲ್ಲಿ ಪೂರ್ಣ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂ.; ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂ. ಮಾತ್ರ. ರಾಜ್ಯ ಸರ್ಕಾರ ಇದರ ಮೇಲೆ ಸೇರಿಸುವುದುಂಟು. 2019ರಲ್ಲಿ ಪೂರ್ಣ ಹಾನಿಗೆ 5 ಲಕ್ಷ ರೂ. ಕೊಟ್ಟಿತ್ತು. ಆದರೆ ಅದು ಆಯಾ ವರ್ಷದ ಆದೇಶಕ್ಕೆ ಸೇರಿದ ಮಾತು. ಹಳೇ ಆದೇಶ ಹಿಡಿದು ಲೆಕ್ಕ ಹಾಕಬೇಡಿ.

ಸರ್ಕಾರದ ದುಡ್ಡಿನಲ್ಲಿ ಮನೆ ನಿಜವಾಗಿ ಮೇಲೇಳುವ ಅವಕಾಶ ಇದೊಂದೇ: ಬಿದ್ದ ಮನೆಯನ್ನು ಮತ್ತೆ ಕಟ್ಟುವಾಗ. ಪುನರ್ನಿರ್ಮಾಣದ ಹಣ ಕಂತಿನಲ್ಲಿ, ಹಂತ ಹಂತದ ಜಿಪಿಎಸ್ ಫೋಟೋ ನೋಡಿ ಬಿಡುಗಡೆಯಾಗುತ್ತದೆ. ಎತ್ತರದ ಅಡಿಪಾಯಕ್ಕೆ ಖರ್ಚು ಮೊದಲೇ ಬೀಳುವುದರಿಂದ ಆ ಹಂತ ದಾಟುವಷ್ಟು ಸ್ವಂತ ಹಣ ಕೈಯಲ್ಲಿರಲಿ. ಇಲ್ಲದಿದ್ದರೆ ತಳಪಾಯದಲ್ಲೇ ಕೆಲಸ ನಿಂತು ಮತ್ತೊಂದು ಮಳೆಗಾಲ ಬರುತ್ತದೆ.

ಬೀಗ ಹಾಕಿದ ಮನೆಗೆ ಉಳಿದ ದಾರಿ

2025-26ರ ಕೇಂದ್ರ ಬಜೆಟ್ಟಿನಲ್ಲಿ ಹೋಂಸ್ಟೇಗಳಿಗೆ ಮುದ್ರಾ (ಸಣ್ಣ ಉದ್ಯಮಗಳಿಗೆ ಕೊಡುವ) ಸಾಲ ಘೋಷಣೆಯಾಗಿದೆ. ಅಡಮಾನ ಬೇಡ, ಆದರೆ ಇದು ಸಾಲ; ಅನುದಾನವಲ್ಲ. ತರುಣ್ ವರ್ಗದಲ್ಲಿ ಮಿತಿ 10 ಲಕ್ಷ ರೂ. ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ಅಲ್ಲೇ ವಾಸಿಸಬೇಕು, ಆದ್ದರಿಂದ ಯಾರಾದರೊಬ್ಬರು ಊರಿಗೆ ಮರಳುವ ನಿರ್ಧಾರ ಮೊದಲಾಗಲಿ. ಸಿಆರ್‌ಜೆಡ್-3ರಲ್ಲಿ ಹೋಂಸ್ಟೇಗೆ ಅವಕಾಶವಿರುವುದು ಪ್ಲಿಂತ್, ವಿನ್ಯಾಸ, ಮುಖಭಾಗ ಬದಲಿಸದೆ. ಮೊದಲು ಪರವಾನಗಿ ಪಡೆದು ಎತ್ತರಿಸಿ, ಆಮೇಲೆ ನೋಂದಣಿ ಮಾಡಿಸಿ.

ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ವಂತ ಬಳಕೆಯ ಮನೆಯ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂ. ತನಕ ಕಡಿತ ಸಿಗುತ್ತದೆ.

ಇದಕ್ಕಿಂತ ಫಲ ಕೊಡುವುದು ಊರಿನವರ ಜೊತೆ ಸೇರುವುದು. ಒಡೆದ ಖಾರ್‌ಲ್ಯಾಂಡ್ ಒಡ್ಡು (ಉಪ್ಪುನೀರು ತಡೆಯುವ ಏರಿ), ಹೂಳು ತುಂಬಿದ ಹಳ್ಳ, ಕುಸಿದ ದಂಡೆಗೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಸಣ್ಣ ನೀರಾವರಿ ಇಲಾಖೆಗೆ ಕಳಿಸಿ. ಆ ಹಣ ನಿಮ್ಮ ಖಾತೆಗೆ ಬರುವುದಿಲ್ಲ, ಆದರೆ ನಿಮ್ಮ ಜಗುಲಿಯ ನೀರು ಇಳಿಸುತ್ತದೆ.

ಎಷ್ಟು ಎತ್ತರ, ಹೇಗೆ

2019ರ ನೀರಿನ ಗುರುತನ್ನು ಅಕ್ಕಪಕ್ಕದ ಮೂರು ನಾಲ್ಕು ಮನೆಗಳಲ್ಲಿ ನೋಡಿ, ಲೆವೆಲ್ ಪೈಪಿನಿಂದ ನಿಮ್ಮ ಗೋಡೆಗೆ ತನ್ನಿ. ಅದಕ್ಕಿಂತ ಕನಿಷ್ಠ ಒಂದೂವರೆ ಅಡಿ ಮೇಲೆ ಹೊಸ ನೆಲ ಬರಲಿ. ಕಾಳಿ, ಶರಾವತಿಯಲ್ಲಿ ಕದ್ರಾ, ಗೇರುಸೊಪ್ಪ ಅಣೆಕಟ್ಟಿನ ಗೇಟ್ ತೆರೆದಾಗ ನೀರು ಏರುತ್ತದೆ, ಸಾಮಾನು ಎತ್ತಿಡಲು ಸೂಚನೆ ಸಿಗುತ್ತದೆ. ಗಂಗಾವಳಿ, ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಘಟ್ಟದ ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ರಾತ್ರೋರಾತ್ರಿ ಏರುತ್ತದೆ. ಅಲ್ಲಿ ಇನ್ನೊಂದು ಅಡಿ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಒಳಗೆ ಮಣ್ಣು ತುಂಬಿ ನೆಲ ಏರಿಸುವುದು ಅಗ್ಗವೆನಿಸುತ್ತದೆ. 10×12 ಅಡಿಯ ಕೋಣೆಗೆ 2 ಅಡಿ ತುಂಬಲು 240 ಘನ ಅಡಿ, ಅಂದರೆ ಸುಮಾರು ಎರಡೂವರೆ ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಮಣ್ಣು ಬೇಕು. ದಮ್ಮಸ್ಸು ಮಾಡಿದಾಗ ಕುಗ್ಗುವುದಕ್ಕೆ ಇನ್ನಷ್ಟು ಸೇರಿಸಿಕೊಳ್ಳಿ. ಆ ಮಣ್ಣು ಒದ್ದೆಯಾದಾಗ ಮಣ್ಣುಗಾರೆಯ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಬಾಗಿಲಿನ ಎತ್ತರವೂ ಕಡಿಮೆಯಾಗುತ್ತದೆ. ಒಂದಡಿಗಿಂತ ಹೆಚ್ಚು ತುಂಬಬೇಡಿ. ಜಾಕ್ ಇಟ್ಟು ಇಡೀ ಮನೆ ಎತ್ತುವವರು ಸಿಮೆಂಟಿನಲ್ಲಿ ಕಟ್ಟಿದ ಮನೆಯನ್ನು ಎತ್ತಬಲ್ಲರು. ಮಣ್ಣುಗಾರೆಯ ಚಿರೆಕಲ್ಲಿನ ಗೋಡೆ ಬುಡ ಕತ್ತರಿಸಿದೊಡನೆ ಬಿಚ್ಚಿಕೊಳ್ಳುವ ಅಪಾಯವಿದೆ. ಅಂಥ ಮನೆಯ ಹಂಚು, ಪಕಾಸು, ಬಾಗಿಲು ಜೋಪಾನವಾಗಿ ಇಳಿಸಿ, ಅದೇ ಪ್ಲಿಂತಿನ ಮೇಲೆ ಆರ್‌ಸಿಸಿ ಕಂಬ ನಿಲ್ಲಿಸಿ ಮತ್ತೆ ಕಟ್ಟುವುದೇ ನಮ್ಮ ಸಲಹೆ. ಕಂಬಗಳ ನಡುವೆ ಗೋಡೆ ಕಟ್ಟಿ ಮುಚ್ಚಬೇಡಿ, ನೀರು ಹಾದುಹೋಗಲು ಜಾಗವಿರಲಿ.

ಹೆಸ್ಕಾಂ ಮೀಟರನ್ನು ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ನೀರಿನ ಗುರುತಿಗಿಂತ ಮೇಲಕ್ಕೆ ಹಾಕಿಸಿ. ಶೌಚದ ಗುಂಡಿಯ ಮುಚ್ಚಳ ಗಟ್ಟಿಯಾಗಿ ಮುಚ್ಚಿ, ಪೈಪಿಗೆ ಹಿಮ್ಮುಖ ಕವಾಟ ಕೂರಿಸಿ. ಕೆಲಸ ನವೆಂಬರಿನಲ್ಲಿ ಶುರುವಾಗಿ ಮೇ ಮಧ್ಯದೊಳಗೆ ಹಂಚು ಹೊದೆಸುವಷ್ಟಾದರೂ ಮುಗಿಯಬೇಕು.