ಹಳೇ ಟಾಟಾ ಮರೀನಾ ಕಾರನ್ನು ಮನೆಗೆ ತರುವ ಮುನ್ನ, ತಂದ ಮೇಲೆ

ಹಿಂದಿನ ಸೀಟು ಮಡಚಿ ಡಿಕ್ಕಿ ಬಾಗಿಲು ಎತ್ತಿದರೆ ಮಕ್ಕಳ ಸೈಕಲ್ಲನ್ನು ಹಾಗೇ ಮಲಗಿಸಬಹುದು. ಅದರ ಪಕ್ಕ ಎರಡು ಅಕ್ಕಿ ಮೂಟೆ, ಮೇಲೊಂದು ಬಾಳೆಗೊನೆ. ಮನೆಮಂದಿಯನ್ನು ಕಾರಿನಷ್ಟೇ ಸುಖವಾಗಿ ಕರೆದೊಯ್ದು, ಸಾಮಾನನ್ನೂ ಹೊರುವ ಇಂಥ ಗಾಡಿಗೆ ಸ್ಟೇಷನ್ ವ್ಯಾಗನ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಈ ಬಗೆಯ ಡೀಸೆಲ್ ಗಾಡಿಗಳು ಬೆರಳೆಣಿಕೆಯಷ್ಟು. ತೊಂಬತ್ತರ ದಶಕದ ಟಾಟಾ ಎಸ್ಟೇಟ್‌ಗೆ ಈಗ ಬಿಡಿಭಾಗ ಹುಡುಕುವುದೇ ಒಂದು ಕೆಲಸ. ಸ್ಕೋಡಾ ಆಕ್ಟೇವಿಯಾ ಕಾಂಬಿ ಓಡಿಸಲು ಸೊಗಸು, ರಿಪೇರಿಗೆ ದುಬಾರಿ. ಕಡಿಮೆ ದುಡ್ಡಿಗೆ ಸಿಕ್ಕಿ, ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ರಿಪೇರಿಯಾಗುವುದು ಟಾಟಾ ಇಂಡಿಗೊ ಮರೀನಾ.

2004ರಲ್ಲಿ ಮಾರುಕಟ್ಟೆಗೆ ಬಂದ ಮರೀನಾ, ಇಂಡಿಗೊ ಕಾರಿನ ಚಾವಣಿಯನ್ನು ಹಿಂದಿನವರೆಗೆ ಎಳೆದು ಮಾಡಿದ ಗಾಡಿ. ಎಂಜಿನ್ ಇಂಡಿಕಾ ಕುಟುಂಬದ್ದೇ: 1405 ಸಿಸಿ, ನಾಲ್ಕು ಸಿಲಿಂಡರ್, ಒಂದೊಂದರ ಬೋರ್ (ಒಳವ್ಯಾಸ) 75 ಮಿ.ಮೀ. ಅದಕ್ಕೇ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘475’. ಮೊದಲ ವರ್ಷಗಳದ್ದು ರೋಟರಿ ಪಂಪು ಡೀಸೆಲ್ ಒದಗಿಸುವ ಟರ್ಬೊ ಡೀಸೆಲ್ (ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ), ಆಮೇಲಿನದು ಡೀಸೆಲ್ ಸಿಂಪಡಿಸುವುದನ್ನು ಕಂಪ್ಯೂಟರ್ ನಿಯಂತ್ರಿಸುವ ‘ಕಾಮನ್ ರೈಲ್’ ಇರುವ ಡೈಕಾರ್. ಡೈಕಾರ್ ಸದ್ದು ಕಡಿಮೆ, ಪಿಕಪ್ ಚೆನ್ನ. ಆದರೆ ಅದರ ಇಂಜೆಕ್ಟರ್, ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು. ದೊಡ್ಡ ಊರಿನಿಂದ ದೂರ ಇರುವವರು ಪಂಪಿನ ಗಾಡಿಯನ್ನೇ ಹುಡುಕುವುದು ಮೇಲು.

ಮೊದಲು ಆರ್‌ಸಿ, ಆಮೇಲೆ ಬಾನೆಟ್

ಗಾಡಿ ನೋಡಲು ಹೊರಡುವ ಮುನ್ನವೇ ನೋಂದಣಿ ಸಂಖ್ಯೆ ಕೇಳಿ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಷ್ಟನೇ ಮಾಲೀಕರು, ಸಾಲ ತೀರಿದೆಯೇ, ವಿಮೆ ಇದೆಯೇ, ಆರ್‌ಸಿ (ನೋಂದಣಿ ಪತ್ರ) ಯಾವಾಗಿನವರೆಗೆ ಊರ್ಜಿತ ಎಂಬುದು ಗೊತ್ತಾಗುತ್ತದೆ. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2007ರ ಮರೀನಾ 2022ರಲ್ಲಿ ನವೀಕರಣವಾಗಿದ್ದರೆ 2027ಕ್ಕೆ ಮತ್ತೆ ಆರ್‌ಟಿಒ ಮುಂದೆ ನಿಲ್ಲಬೇಕು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 20 ವರ್ಷ ದಾಟಿದ ಗಾಡಿಗೆ 2025ರಿಂದ 10,000. ನಮೂನೆ 25 ತುಂಬಿ, ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ಒಯ್ಯಲೇಬೇಕು. ‘ನವೀಕರಣ ನೀವೇ ಮಾಡಿಸ್ಕೊಳ್ಳಿ, ಎರಡು ದಿನದ ಕೆಲಸ’ ಎನ್ನುವವರ ಗಾಡಿ ಬೇಡ. ಮಾಡಿಸಿಕೊಟ್ಟ ಮೇಲೆ ದುಡ್ಡು ಎನ್ನಿ.

ಇನ್ನೊಂದು ಎಚ್ಚರ ದಿಲ್ಲಿ ಗಾಡಿಗಳದ್ದು. 10 ವರ್ಷ ದಾಟಿದ ಡೀಸೆಲ್ ವಾಹನಗಳನ್ನು ರಾಜಧಾನಿ ಪ್ರದೇಶದಲ್ಲಿ ಓಡಿಸಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ ಮೇಲೆ ಅಲ್ಲಿನ ಎಷ್ಟೋ ಕಾರುಗಳು ದಕ್ಷಿಣಕ್ಕೆ ಬಂದವು. ಬೆಲೆ ಕಡಿಮೆ ಎನ್ನಿಸುತ್ತದೆ, ಆದರೆ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟುವ ಹೊತ್ತಿಗೆ ಲಾಭ ಕರಗಿರುತ್ತದೆ. ಕೆಎ ನೋಂದಣಿಯ ಗಾಡಿ ಸಿಗುವವರೆಗೂ ಕಾಯುವುದೇ ಒಳ್ಳೆಯದು. ಇಂಡಿಗೊ ಗಾಡಿಗಳು ಟ್ಯಾಕ್ಸಿಯಾಗಿ ತುಂಬ ಓಡಿದವು. ಹಳದಿ ಬೋರ್ಡ್‌ನಿಂದ ಬಿಳಿ ಬೋರ್ಡ್‌ಗೆ ಬದಲಾಗಿದ್ದರೆ ಮೀಟರ್ ತೋರಿಸುವ ಕಿಲೊಮೀಟರ್ ನಂಬಬೇಡಿ.

ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ

ಬೆಳಿಗ್ಗೆಯೇ ಹೋಗಿ, ‘ಸ್ಟಾರ್ಟ್ ಮಾಡಿಡಬೇಡಿ’ ಎಂದು ಮೊದಲೇ ಹೇಳಿ. ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುವುದು ವಾಸಿ. ಕೀ ತಿರುಗಿಸಿ, ಸುರುಳಿ ಆಕಾರದ ಹೀಟರ್ ದೀಪ ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಎರಡು ಮೂರು ಸೆಕೆಂಡಿನಲ್ಲಿ ಎಂಜಿನ್ ಹಿಡಿಯಬೇಕು. ಗಡಗಡ ನಡುಗಿ, ಬಿಳಿ ಹೊಗೆ ಬಿಟ್ಟು, ಅರೆ ನಿಮಿಷದಲ್ಲಿ ಸರಿಹೋದರೆ ತಣ್ಣಗಿನ ಎಂಜಿನ್ನನ್ನು ಬಿಸಿ ಮಾಡುವ ಒಂದೆರಡು ಹೀಟರ್ ಪ್ಲಗ್ ಸತ್ತಿವೆ. ಅದು ಅಗ್ಗದ ರಿಪೇರಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್ ಆದರೂ ಸವೆದಿರಬಹುದು, ಟರ್ಬೊ ಸೀಲ್ ಆದರೂ ಹೋಗಿರಬಹುದು; ಎರಡೂ ದೊಡ್ಡ ಖರ್ಚು.

ಈಗ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಸಣ್ಣಗೆ ಅಲುಗುತ್ತ ಕೂತಿದ್ದರೆ ಎಂಜಿನ್ ಗಟ್ಟಿ. ಕುಣಿದು ಕೆಳಗೆ ಬಿದ್ದು, ಬಾಯಿಂದ ಬುಸುಬುಸು ಹೊಗೆ ಬಂದರೆ ಮೆಕ್ಯಾನಿಕ್‌ಗಳು ಹೇಳುವ ‘ಬ್ಯಾಕ್ ಕಂಪ್ರೆಷನ್’ ಶುರುವಾಗಿದೆ: ಸುಟ್ಟ ಗಾಳಿ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ. ಬೋರಿಂಗ್ (ಸವೆದ ಸಿಲಿಂಡರ್ ಕೊರೆಸುವ ದೊಡ್ಡ ರಿಪೇರಿ) ಹತ್ತಿರವಾಗಿದೆ ಎಂದು ತಿಳಿದು ನಮಸ್ಕಾರ ಹೇಳಿ ಬನ್ನಿ.

ಈ ಎಂಜಿನ್ನಿನ ನಿಜವಾದ ಶತ್ರು ಬಿಸಿ. ಕೂಲಂಟ್ ಡಬ್ಬಿಯಲ್ಲಿ ಬರೀ ನೀರು, ತುಕ್ಕಿನ ಬಣ್ಣ ಕಂಡರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುತ್ತದೆ. ಎಂಜಿನ್ ಓಡುವಾಗ ಡಬ್ಬಿಯಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ. ಬಿಸಿಯಾಗುವ ಗಾಡಿಗೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಹಾಕುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿದೆ. ಹಾಗೆ ಮಾಡಿದರೆ ಎಂಜಿನ್ ಬೇಕಾದ ಬಿಸಿಗೇ ಬರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ. ಹತ್ತು ಕಿಲೊಮೀಟರ್ ಓಡಿಸಿದರೂ ಟೆಂಪರೇಚರ್ ಮುಳ್ಳು ಮೇಲೇಳದಿದ್ದರೆ ಅದೇ ಕಾರಣ. ಎಸಿ ಹಾಕಿದ ತಕ್ಷಣ ರೇಡಿಯೇಟರ್ ಫ್ಯಾನ್ ತಿರುಗಬೇಕು. ಇಳಿದು ಹೋಗಿ ಕಣ್ಣಾರೆ ನೋಡಿ.

ಓಡಿಸಿ ನೋಡುವಾಗ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಹಂಪ್ ಹತ್ತಿ ಇಳಿಯುವಾಗ ಮುಂದೆ ಕಟಕಟ ಎಂದರೆ ಮುಂಚಕ್ರದ ಸಸ್ಪೆನ್ಷನ್ನಿನ ಭಾಗಗಳಾದ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್ ಸವೆದಿವೆ. ಇವು ಸವೆಯುವುದು ಸಹಜ, ಬೆಲೆ ಇಳಿಸಲು ಸಾಕು. ಹಿಂದಿನ ಚಕ್ರಗಳನ್ನು ಮಾತ್ರ ಮೊಣಕಾಲೂರಿ ನೋಡಿ. ಇಂಡಿಗೊಗೆ ಹಿಂದೆಯೂ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರ ಬೇರೆಬೇರೆಯಾಗಿ ಏರಿಳಿಯುವ ವ್ಯವಸ್ಥೆ) ಇದೆ; ಅದರ ಬುಷ್‌ಗಳು ಸವೆದರೆ ಗಾಡಿ ಖಾಲಿ ಇದ್ದಾಗಲೂ ಚಕ್ರದ ಮೇಲ್ತುದಿ ಒಳಕ್ಕೆ ವಾಲಿ, ಟೈರಿನ ಒಳ ಅಂಚು ಬೋಳಾಗುತ್ತದೆ. ವರ್ಷಗಟ್ಟಲೆ ಮಿತಿಮೀರಿ ಹೇರು ಹೊತ್ತ ಗಾಡಿಯ ಗುರುತು ಇದು.

ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಗಿಗೆ ಮುಗ್ಗಲು ವಾಸನೆ ಬರುತ್ತದೆಯೇ ನೋಡಿ. ಬಾಗಿಲಿನ ರಬ್ಬರ್ ಬೀಡಿಂಗ್ ಗಟ್ಟಿಯಾದರೆ ಮಳೆನೀರು ಒಳಗಿಳಿದು ತಳ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆಯ ಗಾಡಿಯಾದರೆ ಬಾಗಿಲುಗಳ ಕೆಳ ಅಂಚಿಗೂ ಮೆಟ್ಟಿಲಿನ ತಗಡಿಗೂ ಒಂದು ಅಯಸ್ಕಾಂತ ಹಿಡಿಯಿರಿ. ಅಂಟದ ಕಡೆ ಬಣ್ಣದ ಕೆಳಗಿರುವುದು ತಗಡಲ್ಲ, ತುಕ್ಕಿನ ತೂತು ಮುಚ್ಚುವ ಪುಟ್ಟಿ.

ಕೈಗೆ ಬಂದ ಮೊದಲ ತಿಂಗಳು

ಮಾರಿದವರ ಸಹಿಯಿರುವ ನಮೂನೆ 29, 30 ಜತೆಗಿಟ್ಟು 30 ದಿನದೊಳಗೆ ವರ್ಗಾವಣೆಗೆ ಹಾಕಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಪ್ಲೇಟ್ ಇಲ್ಲದಿದ್ದರೆ ಅದೂ ಆಗಬೇಕು.

ಕೊಂಡ ಬೆಲೆಯ ಮೂರನೇ ಒಂದು ಭಾಗವನ್ನು ರಿಪೇರಿಗೆಂದು ಬೇರೆ ತೆಗೆದಿಡಿ. ಅದರಲ್ಲಿ ಮೊದಲ ಕೆಲಸ ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್. ಬದಲಿಸಿದ ಬಿಲ್ ಕೈಯಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ. ಓಡುವಾಗ ಬೆಲ್ಟ್ ತುಂಡಾದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಹೆಡ್ ಬಿಚ್ಚುವ ಸ್ಥಿತಿ ಬರುತ್ತದೆ. ಬೆಲ್ಟ್ ಜತೆಗೇ ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಐಡ್ಲರ್ ಬೇರಿಂಗ್‌ಗಳನ್ನೂ ಹಾಕಿಸಿ. ಹಳೇ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಉಳಿಯದು. ಆಮೇಲೆ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್. ಡೀಸೆಲ್ ಎಂಜಿನ್ನಿನ 15ಡಬ್ಲ್ಯು-40 ಆಯಿಲ್ ಸಾಕು. ಕೂಲಂಟ್ ಪೂರ್ತಿ ತೆಗೆದು ತೊಳೆಸಿ, ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿಸಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ವಿಚಾರಿಸಿ. ಬಾಗಿಲು, ಗಾಜು, ಟೈಲ್ ಲ್ಯಾಂಪ್ ಥರದ ಮರೀನಾಕ್ಕೇ ಸೇರಿದ ಭಾಗಗಳು ಹೊಸದಾಗಿ ಸಿಗುವುದು ಕಷ್ಟ. ಗುಜರಿಯಲ್ಲಿ ಒಂದು ಜೊತೆ ಟೈಲ್ ಲ್ಯಾಂಪ್ ಕಂಡರೆ ಬೇಡದಿದ್ದರೂ ತೆಗೆದಿಡಿ.

ಹೊರೆ, ಘಾಟಿ, ಹೊಗೆ

ಈ ಗಾಡಿಯ ಸುಖ ಇರುವುದು ದೂರದ ಪಯಣದಲ್ಲಿ. ಭಾರದ ಸಾಮಾನನ್ನು ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ತಳದಲ್ಲಿಡಿ, ಹಗುರದ್ದು ಮೇಲೆ. ಸೀಟಿಗಿಂತ ಎತ್ತರಕ್ಕೆ ಪೇರಿಸಿದರೆ ಬಲೆ ಕಟ್ಟಿ. ಇಲ್ಲಿ ಡಿಕ್ಕಿಗೂ ನಿಮ್ಮ ತಲೆಗೂ ನಡುವೆ ಗೋಡೆಯಿಲ್ಲ, ಬ್ರೇಕ್ ಒತ್ತಿದರೆ ಪ್ರೆಷರ್ ಕುಕ್ಕರೂ ಮುಂದಕ್ಕೆ ಹಾರಿ ಬರುತ್ತದೆ. ತುಂಬಿದ ಗಾಡಿಗೆ ಎಷ್ಟು ಗಾಳಿ ಹಾಕಬೇಕೆಂದು ಕಂಪನಿಯ ಚೀಟಿಯಲ್ಲಿ ನೋಡಿ ಟೈರಿಗೆ ಹಾಕಿಸಿ.

ಡಿಕ್ಕಿ ಬಾಗಿಲು ಅರೆ ತೆರೆದು ಉದ್ದದ ಪೈಪು, ಏಣಿ ಹೊರಗೆ ಬಿಟ್ಟು ಓಡಿಸಲೇಬೇಡಿ. ಚೌಕಾಕಾರದ ಹಿಂಭಾಗದಲ್ಲಿ ಗಾಳಿಯ ಒತ್ತಡ ತಗ್ಗಿ, ಸೈಲೆನ್ಸರ್ ಹೊಗೆ ಸುತ್ತಿಕೊಂಡು ಒಳಗೇ ಬರುತ್ತದೆ. ಹಿಂದಿನ ಗಾಜು ಬೇಗ ಮಸಿ ಹಿಡಿಯುವುದಕ್ಕೂ ಇದೇ ಕಾರಣ. ಬಾಗಿಲು ಮುಚ್ಚಿದ್ದರೂ ಹೊಗೆ ವಾಸನೆ ಬಂದರೆ ಬೀಡಿಂಗ್ ಬದಲಿಸಿ.

ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ಎಂಜಿನ್ ಆರಿಸಿದರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ನಿಂತು, ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಘಾಟಿ ಹತ್ತಿ ಚಹಾಕ್ಕೆ ನಿಲ್ಲಿಸಿದಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಕೂಡಲೇ ಆರಿಸಿದರೆ ಕೆಂಡದಂತಿರುವ ಟರ್ಬೊ ಬೇರಿಂಗ್‌ನಲ್ಲಿ ಆಯಿಲ್ ಹರಿಯದೆ ಅಲ್ಲೇ ಸುಟ್ಟು ಕರಕಾಗುತ್ತದೆ.

ಪಂಪಿನ ಗಾಡಿಯಲ್ಲಿ ಡೀಸೆಲ್ ಪೂರ್ತಿ ಖಾಲಿಯಾದರೆ ಮತ್ತೆ ತುಂಬಿಸಿದರೂ ಸ್ಟಾರ್ಟ್ ಆಗದು. ಪೈಪಿನಲ್ಲಿ ಗಾಳಿ ಹಿಡಿದಿರುತ್ತದೆ. ಡೀಸೆಲ್ ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂವನ್ನು (ಗಾಳಿ ಬಿಡುವ ಸ್ಕ್ರೂ) ಒಂದು ಸುತ್ತು ಸಡಿಲಿಸಿ, ಸುತ್ತ ಬಟ್ಟೆ ಹಿಡಿದು, ಕೈ ಪಂಪನ್ನು ಒತ್ತುತ್ತ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್ ಬರುತ್ತದೆ. ಆಗ ಸ್ಕ್ರೂ ಬಿಗಿ ಮಾಡಿ, ಕೈ ಪಂಪ್ ಗಟ್ಟಿಯಾಗುವವರೆಗೆ ಇನ್ನಷ್ಟು ಒತ್ತಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು. ನಡುವೆ ಅರ್ಧ ನಿಮಿಷ ಬ್ಯಾಟರಿಗೂ ಸ್ಟಾರ್ಟರಿಗೂ ಬಿಡುವು ಕೊಡಿ.