ಮಳೆಗಾಲದಲ್ಲೂ ಬೆವರಿದ ಕತೆ: ನನ್ನ ಅನುಭವ

ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಾಗ ನನಗೆ 44. ವಾರದೊಳಗೆ ಬಿಸಿ ಶುರುವಾಯಿತು. ತೀರ್ಥಹಳ್ಳಿ ಕಡೆಯ ಜುಲೈ ಮಳೆ. ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದ್ದರೆ, ನಾನು ಜಗಲಿಯಲ್ಲಿ ಕೂತು ಅಡಿಕೆ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ಎದೆಯಿಂದ ಎದ್ದ ಬಿಸಿ ಕಿವಿಯ ತುದಿಗೆ ಹೋಗಿ ನಿಲ್ಲುತ್ತಿತ್ತು. ಎರಡೇ ನಿಮಿಷಕ್ಕೆ ರವಿಕೆ ಒದ್ದೆ, ಆಮೇಲೆ ನಡುಕ. "ಎಲ್ಲರಿಗೂ ಮುಟ್ಟು ನಿಲ್ಲುತ್ತೆ, ನಿಂದೇನೇ ದೊಡ್ಡದು?" ಅಂದರು ಅತ್ತೆ. ಅವರದು ನಿಧಾನಕ್ಕೆ ನಿಂತಿದ್ದು, ನನ್ನದು ಒಂದೇ ದಿನಕ್ಕೆ.

ಅಗಸೆ ಬೀಜದ ಚಟ್ನಿಪುಡಿ ಮೂರು ತಿಂಗಳು ತಿಂದೆ. ಹೊಟ್ಟೆ ಸಲೀಸಾಯಿತು, ಬಿಸಿ ಹಾಗೇ ಇತ್ತು. ದೋಸೆಗೆ ಸೋಯಾ ಹಿಟ್ಟು ಹಾಕಿದೆ, ಮಕ್ಕಳು ದೋಸೆಯನ್ನೇ ಬಿಟ್ಟರು. ಪಕ್ಕದ ಮನೆ ಅಕ್ಕ "ಹಲವು ಮಕ್ಕಳ ತಾಯಿ" ಬೇರು, ಅಂದರೆ ಶತಾವರಿ, ಕಿತ್ತು ತಂದರು. ಗರ್ಭಕೋಶವೇ ಇಲ್ಲದವಳಿಗೆ ಆ ಹೆಸರಿನ ಬೇರು! ನಗು ಬಂತು, ನಿದ್ದೆ ಬರಲಿಲ್ಲ. ಪುಡಿ, ಎಣ್ಣೆ ಅಂತ ಆ ವರ್ಷ 9-10 ಸಾವಿರ ಹೋಗಿರಬೇಕು. ಒಬ್ಬ ಡಾಕ್ಟರ್ "ಸಹಿಸಿಕೊಳ್ಳಿ" ಅಂದು ಕಳಿಸಿದರು. ಅವರಿಗೂ ಫೀಸು ಕೊಟ್ಟೆ.

ಆಮೇಲೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ, ಬಿಸಿ ಬಂದಾಗೆಲ್ಲ ಗೀಟು ಎಳೆದೆ. ದಿನಕ್ಕೆ 14-15. ಸಂಜೆ ಕಾಫಿ, ಹಂಡೆಯ ಸುಡುನೀರು, ಅಡಿಕೆ ಬೇಯಿಸುವ ಒಲೆ, ಈ ಮೂರರ ಹಿಂದೆಯೇ ಜಾಸ್ತಿ. ಕಾಫಿ ಬಿಟ್ಟೆ, ಉಗುರುಬೆಚ್ಚಗೆ ಸ್ನಾನ ಮಾಡಿದೆ. 10ಕ್ಕೆ ಇಳಿಯಿತು, ಅಷ್ಟೇ.

ಅದೇ ಪುಸ್ತಕ ಹಿಡಿದು ಶಿವಮೊಗ್ಗದಲ್ಲಿ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆ. ಗೀಟು ಎಣಿಸಿದವರು ಅವರೊಬ್ಬರೇ! ಸ್ತನದ ಪರೀಕ್ಷೆ, ಬಿಪಿ ಎಲ್ಲ ನೋಡಿ ಈಸ್ಟ್ರೋಜೆನ್ ಜೆಲ್ ಬರೆದರು, ಅಂಡಾಶಯದಿಂದ ಬರುತ್ತಿದ್ದ ಹಾರ್ಮೋನು ಅದು. ಗರ್ಭಕೋಶ ಇಲ್ಲದ್ದರಿಂದ, ಅದರ ಒಳಪದರ ಕಾಯೋ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನು ಬೇಡ ಅಂದರು. "ಕ್ಯಾನ್ಸರ್ ತರಿಸ್ಕೋತೀಯಾ ಅತ್ತಿಗೆ?" ಅಂತ ನಾದಿನಿ ಕೂಗಾಡಿದಳು. ಡಾಕ್ಟರನ್ನು ನಾನೂ ಅದನ್ನೇ ಕೇಳಿದ್ದೆ. ಸ್ತನ ಕ್ಯಾನ್ಸರ್ ಆದವರಿಗೆ ಕೊಡೋದಿಲ್ಲ, ಆದರೆ ಇಷ್ಟು ಬೇಗ ಅಂಡಾಶಯ ಹೋದರೆ ಮೂಳೆಗೂ ಇದು ಬೇಕು ಅಂದಿದ್ದರು. ಆಗ ಟ್ಯೂಬಿಗೆ 600-700 ಇದ್ದಿರಬೇಕು. ತೋಳಿಗೆ ಹಚ್ಚಿ, ಪೂರ್ತಿ ಒಣಗುವ ತನಕ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ.

ತಿಂಗಳಾಗುವಷ್ಟರಲ್ಲಿ ಗೀಟು ಎರಡು ಮೂರಕ್ಕೆ ಬಂತು. ಮಧ್ಯಾಹ್ನ ಒಂದೆಲಗದ ತಂಬುಳಿ ಈಗಲೂ ಉಂಟು. ಅದಕ್ಕೆ ಸೇರಿಸುವ ಇನ್ನೊಂದು ಸೊಪ್ಪಿನ ಹೆಸರು ಮಾತ್ರ ಹೇಳೋದಿಲ್ಲ, ಪಕ್ಕದ ಮನೆ ಅಕ್ಕ ಓದಿದರೆ ತನ್ನದು ಅಂತಾಳೆ.

ಮರುವರ್ಷದ ಮಳೆಗೆ ಒಂದು ರಾತ್ರಿ ಹಂಚು ಸೋರಿ ಕಂಬಳಿಯ ತುದಿ ತೊಯ್ದಿತ್ತು. ನಾನು ನೋಡಿದ್ದು ಬೆಳಿಗ್ಗೆ.