ಒಂದೇ ಕಂಪ್ಯೂಟರ್, ನಾಲ್ಕು ಮೇಜು

ಕೋಲಾರದಲ್ಲಿ ನನ್ನದೊಂದು ಪುಟ್ಟ ಅಂಗಡಿ. ಹತ್ತಡಿ ಅಗಲ ಕೂಡ ಇಲ್ಲ. ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಇಷ್ಟರಲ್ಲೇ ಏಳೆಂಟು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ, ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಸಂಜೆ ಮಗ ಬಂದರೆ ಅವನ ಪಾಠವೂ ಅದೇ ಕಂಪ್ಯೂಟರ್‌ನಲ್ಲಿ.

ಒಂದು ಸಲ ಒಬ್ಬರು ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದರು. ಪಕ್ಕದ ಕುರ್ಚಿಯಲ್ಲೇ ಕೂತರು. ನಾನು ಡಿಸೈನ್ ಮಾಡುವ ಕೋರೆಲ್ ಡ್ರಾ ಎಲ್ಲಿದೆ ಅಂತ ಹುಡುಕುತ್ತಾ ಆಲ್ಟ್, ಟ್ಯಾಬ್ ಒತ್ತುತ್ತಾ ಹೋದೆ. ನಡುವೆ ಒಂದು ಹಾರ್ಡ್‌ವೇರ್ ಅಂಗಡಿಯ ತಿಂಗಳ ಮಾರಾಟದ ಎಕ್ಸೆಲ್ ಹಾಳೆ ಪರದೆ ತುಂಬಾ ತೆರೆದುಕೊಂಡಿತು. "ಓಹೋ, ನಮ್ಮ ಷಡ್ಡಕನ ವ್ಯಾಪಾರ ಇಷ್ಟು ಜೋರಾ?" ಅಂದರು ಅವರು. ಆ ರಾತ್ರಿಯೇ ಹಾರ್ಡ್‌ವೇರ್ ಅಂಗಡಿಯವರ ಫೋನ್. "ಏನಮ್ಮಾ, ನನ್ನ ಲೆಕ್ಕ ಬೀದಿಗೆ ಬಿತ್ತಂತೆ?"

ಏನು ಹೇಳಲಿ? "ತಪ್ಪಾಯ್ತಣ್ಣಾ" ಅಂದೆ. ಎರಡನೇ ಕಂಪ್ಯೂಟರ್ ಕೊಳ್ಳಲು ದುಡ್ಡೂ ಇರಲಿಲ್ಲ, ಇಡಲು ಜಾಗವೂ ಇರಲಿಲ್ಲ. ಆಗ ಹಿಡಿದುಕೊಂಡದ್ದು ಈ ವರ್ಚುವಲ್ ಡೆಸ್ಕ್‌ಟಾಪ್. ಒಂದೇ ಪರದೆಯ ಹಿಂದೆ ನಾಲ್ಕು ಮೇಜು ಇದ್ದಂತೆ. ಒಂದು ಮೇಜಿನ ಮುಂದೆ ಕೂತಾಗ ಉಳಿದ ಮೂರರ ಮೇಲೆ ಹರಡಿದ್ದು ಕಾಣುವುದಿಲ್ಲ. ಇದಕ್ಕೆ ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಿಲ್ಲ, ವಿಂಡೋಸ್‌ನಲ್ಲೇ ಇದೆ.

ಈ ಯೋಚನೆ ಹೊಸದೇನಲ್ಲ. 1986ರಲ್ಲೇ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟೂವರ್ಟ್ ಕಾರ್ಡ್ ಅನ್ನುವವರು 'ರೂಮ್ಸ್' ಅಂತ ಒಂದು ವ್ಯವಸ್ಥೆ ಮಾಡಿದ್ದರು. ಕೆಲಸಕ್ಕೊಂದು ಕೋಣೆ, ಆ ಕೆಲಸದ ಕಿಟಕಿಗಳೆಲ್ಲ, ಅಂದರೆ ಪರದೆ ಮೇಲೆ ತೆರೆದ ವಿಂಡೋಗಳೆಲ್ಲ, ಆ ಕೋಣೆಯಲ್ಲಿ. (ನಮ್ಮ ಕಡೆ ಜೆರಾಕ್ಸ್ ಅಂದರೆ ಆಧಾರ್ ಕಾರ್ಡಿನ ಎರಡು ಕಾಪಿ, ಅಷ್ಟೇ!) ವಿಂಡೋಸ್‌ನವರು ಇದನ್ನು ಎಲ್ಲರ ಕೈಗೆ ಕೊಟ್ಟದ್ದು 2015ರಲ್ಲಿ, ವಿಂಡೋಸ್ 10ರ ಜೊತೆ.

ಕೀಲಿಗಳ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು. ನಾನು ಮೊದಲು ಮಾಡಿದ ಜೋಡಣೆ ಪೂರ್ತಿ ತಪ್ಪು. ಕ್ರೋಮ್‌ಗೆ ಒಂದು ಡೆಸ್ಕ್‌ಟಾಪ್, ಲೆಕ್ಕ ಬರೆಯುವ ಟ್ಯಾಲಿಗೆ ಒಂದು, ಎಕ್ಸೆಲ್‌ಗೆ ಒಂದು ಅಂತ ಹಂಚಿದೆ. ನೋಡಲು ಚೆನ್ನಾಗಿತ್ತು. ಆದರೆ ಒಂದು ಬಿಲ್ ನಮೂದಿಸಲು ಮೂರು ಡೆಸ್ಕ್‌ಟಾಪ್ ಸುತ್ತಬೇಕಾಯಿತು. ಮೊದಲಿಗಿಂತ ಜಾಸ್ತಿ ತಲೆನೋವು.

ನಮ್ಮಪ್ಪ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರು ನೋಡಿ ನಕ್ಕರು. "ಮಂಡಿಯಲ್ಲಿ ಎಲ್ಲ ರೈತರ ದಪ್ಪ ಹಣ್ಣು ಒಂದು ಕಡೆ, ಎಲ್ಲರ ಸಣ್ಣ ಹಣ್ಣು ಒಂದು ಕಡೆ ಸುರಿದರೆ ಹೇಗಮ್ಮಾ? ಆಮೇಲೆ ಯಾರ ಮಾಲು ಯಾರದ್ದು? ಒಬ್ಬ ರೈತನ ಬಾಕ್ಸೆಲ್ಲ ಒಂದೇ ಕಡೆ ಪೇರಿಸಿ ಮೇಲೊಂದು ಚೀಟಿ ಇಡಬೇಕು" ಅಂದರು. ಸರಿ ಅಲ್ವಾ? ಆಮೇಲೆ ನಾನು ಸಾಫ್ಟ್‌ವೇರ್ ನೋಡಿ ಹಂಚುವುದನ್ನು ಬಿಟ್ಟೆ, ಕೆಲಸ ನೋಡಿ ಹಂಚಿದೆ. ಕ್ರೋಮ್ ಈಗ ನನ್ನ ನಾಲ್ಕು ಡೆಸ್ಕ್‌ಟಾಪ್‌ನಲ್ಲೂ ತೆರೆದಿರುತ್ತದೆ. ಎಕ್ಸೆಲ್ ಎರಡರಲ್ಲಿ. ಅದರಲ್ಲಿ ತಪ್ಪೇನಿಲ್ಲ.

ನೀವು ಶುರು ಮಾಡುವ ಮೊದಲು ಒಂದು ದಿನ ಸುಮ್ನೆ ಒಂದು ಹಾಳೆ ಪಕ್ಕದಲ್ಲಿಟ್ಟುಕೊಳ್ಳಿ. ಯಾವ ಯಾವ ಕಿಟಕಿಗಳನ್ನು ಒಟ್ಟಿಗೆ ಬಳಸುತ್ತೀರಿ ಅಂತ ಬರೆಯಿರಿ. ನನಗೆ ಹೀಗೆ ಬಂತು. ಟ್ಯಾಲಿ, ಬ್ಯಾಂಕ್ ಸ್ಟೇಟ್‌ಮೆಂಟ್‌ನ ಪಿಡಿಎಫ್, ಎಕ್ಸೆಲ್ ಒಂದು ಗುಂಪು. ಜಿಎಸ್‌ಟಿ ಪೋರ್ಟಲ್, ಅದರ ಜೊತೆ ತಾಳೆ ನೋಡುವ ಎಕ್ಸೆಲ್ ಹಾಳೆ ಇನ್ನೊಂದು. ಕೋರೆಲ್ ಡ್ರಾ, ಫೋಟೊಗಳ ಫೋಲ್ಡರ್ ಮೂರನೆಯದು. ಉಳಿದದ್ದೆಲ್ಲ, ಅಂದರೆ ವಾಟ್ಸಾಪ್, ಯೂಟ್ಯೂಬ್, ಮಗನ ಪಾಠ, ನಾಲ್ಕನೆಯದು.

ಈಗ ಕೆಲಸಕ್ಕೆ ಬನ್ನಿ. ವಿಂಡೋಸ್ ಕೀ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿ. ತೆರೆದಿರುವ ಕಿಟಕಿಗಳೆಲ್ಲ ಚಿಕ್ಕದಾಗಿ ಕಾಣುತ್ತವೆ. ವಿಂಡೋಸ್ 11ರಲ್ಲಿ ಕೆಳಗಡೆ 'ನ್ಯೂ ಡೆಸ್ಕ್‌ಟಾಪ್' ಅಂತ ಇರುತ್ತದೆ, ಅದನ್ನು ಒತ್ತಿದರೆ ಇನ್ನೊಂದು ಹುಟ್ಟುತ್ತದೆ. ಕೀಲಿಯಿಂದಲೇ ಮಾಡಬೇಕೆಂದರೆ ವಿಂಡೋಸ್, ಕಂಟ್ರೋಲ್, ಡಿ. ಒಂದರಿಂದ ಇನ್ನೊಂದಕ್ಕೆ ಹೋಗಲು ವಿಂಡೋಸ್, ಕಂಟ್ರೋಲ್ ಹಿಡಿದು ಎಡ ಅಥವಾ ಬಲ ಬಾಣ. ಲ್ಯಾಪ್‌ಟಾಪ್ ಇದ್ದರೆ ಟಚ್‌ಪ್ಯಾಡ್ ಮೇಲೆ ನಾಲ್ಕು ಬೆರಳಿಟ್ಟು ಪಕ್ಕಕ್ಕೆ ಸರಿಸಿದರೂ ಆಗುತ್ತದೆ.

ವಿಂಡೋಸ್, ಟ್ಯಾಬ್ ಒತ್ತಿದಾಗ ಕಾಣುವ ಪಟ್ಟಿಯಲ್ಲಿ ಡೆಸ್ಕ್‌ಟಾಪ್‌ನ ಹೆಸರಿನ ಮೇಲೆ ಒತ್ತಿ ಬೇರೆ ಹೆಸರು ಕೊಡಬಹುದು. ನನ್ನವು ಲಗ್ನಪತ್ರಿಕೆ, ಮನೆ, ಲೆಕ್ಕ, ಜಿಎಸ್‌ಟಿ. ವಿಂಡೋಸ್ 11ರಲ್ಲಿ ಒಂದೊಂದಕ್ಕೂ ಬೇರೆ ಚಿತ್ರ ಹಾಕಬಹುದು. ಅದೇ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ 'ಚೂಸ್ ಬ್ಯಾಕ್‌ಗ್ರೌಂಡ್' ಆರಿಸಿ. ಇದು ಶೋಕಿ ಅಂತ ಅಂದುಕೊಳ್ಳಬೇಡಿ. ನನ್ನ ಜಿಎಸ್‌ಟಿ ಡೆಸ್ಕ್‌ಟಾಪ್‌ಗೆ ಕೆಂಪು, ಲಗ್ನಪತ್ರಿಕೆಗೆ ಅಂತರಗಂಗೆ ಬೆಟ್ಟದ ಫೋಟೊ. ಎಲ್ಲಿದ್ದೇನೆ ಅಂತ ಓದಬೇಕಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ. ಒಂದು ಕಿಟಕಿ ತಪ್ಪು ಜಾಗದಲ್ಲಿ ತೆರೆದರೆ ವಿಂಡೋಸ್, ಟ್ಯಾಬ್ ಒತ್ತಿ ಅದನ್ನು ಎಳೆದು ಸರಿಯಾದ ಡೆಸ್ಕ್‌ಟಾಪ್ ಮೇಲೆ ಬಿಡಿ.

ಇಷ್ಟೇ ಮಾಡಿ ನಿಲ್ಲಿಸಿದರೆ ನನ್ನ ಮೊದಲ ಸಮಸ್ಯೆ ಬಗೆಹರಿಯುತ್ತಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಮಲ್ಟಿಟಾಸ್ಕಿಂಗ್, ಅದರೊಳಗೆ ಡೆಸ್ಕ್‌ಟಾಪ್ಸ್ ಅಂತ ಇದೆ. ಅಲ್ಲಿ ಎರಡು ಪ್ರಶ್ನೆ. ಪರದೆಯ ಅಡಿಯ ಟಾಸ್ಕ್‌ಬಾರ್‌ನಲ್ಲಿ ಯಾವ ಕಿಟಕಿ ಕಾಣಬೇಕು, ಆಲ್ಟ್ ಟ್ಯಾಬ್ ಒತ್ತಿದಾಗ ಯಾವುದು ಕಾಣಬೇಕು. ಎರಡಕ್ಕೂ 'ನಾನು ಬಳಸುತ್ತಿರುವ ಡೆಸ್ಕ್‌ಟಾಪ್‌ನದ್ದು ಮಾತ್ರ' ಅನ್ನುವ ಅರ್ಥದ ಆಯ್ಕೆಯನ್ನೇ ಇಡಿ. ಆಗ ಲಗ್ನಪತ್ರಿಕೆಯಲ್ಲಿ ಕೂತು ಎಷ್ಟು ಸಲ ಆಲ್ಟ್ ಟ್ಯಾಬ್ ಒತ್ತಿದರೂ ಹಾರ್ಡ್‌ವೇರ್ ಅಂಗಡಿ ಎದ್ದು ಬರುವುದಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಪಕ್ಕದಲ್ಲಿ ಗಿರಾಕಿ ಕೂತಿರುವಾಗ ವಿಂಡೋಸ್, ಟ್ಯಾಬ್ ಒತ್ತಬೇಡಿ. ಎಲ್ಲ ಡೆಸ್ಕ್‌ಟಾಪ್‌ಗಳ ಚಿಕ್ಕ ಚಿತ್ರ ಸಾಲಾಗಿ ಬಂದುಬಿಡುತ್ತದೆ. ಬಾಣದ ಕೀಲಿಯಲ್ಲೇ ಹೋಗಿ. ಬಾಣದಲ್ಲಿ ಹೋದರೂ ದಾರಿಯಲ್ಲಿರುವ ಡೆಸ್ಕ್‌ಟಾಪ್‌ಗಳು ಒಂದು ಕ್ಷಣ ಕಂಡೇ ಕಾಣುತ್ತವೆ. ಅದಕ್ಕೇ ಸಾಲು ಮುಖ್ಯ. ಗಿರಾಕಿ ನೋಡಬಹುದಾದ ಲಗ್ನಪತ್ರಿಕೆ, ಮನೆ ಎರಡೂ ಎಡತುದಿಯಲ್ಲಿ. ಯಾರೂ ನೋಡಬಾರದ ಲೆಕ್ಕ, ಜಿಎಸ್‌ಟಿ ಬಲತುದಿಯಲ್ಲಿ. ಪಟ್ಟಿಯಲ್ಲಿ ಎಳೆದು ಹಿಂದೆ ಮುಂದೆ ಮಾಡಬಹುದು. ಟೀ ಕುಡಿಯಲು ಎದ್ದು ಹೋಗುವಾಗ ಮಾತ್ರ ವಿಂಡೋಸ್, ಎಲ್ ಒತ್ತಿ ಬೀಗ ಹಾಕಿಯೇ ಹೋಗಿ. ವರ್ಚುವಲ್ ಡೆಸ್ಕ್‌ಟಾಪ್ ಪರದೆ ಎಳೆದಂತೆ, ಬಾಗಿಲಲ್ಲ.

ಬೀಗದ ಮಾತಿಗೆ ಬಂದರೆ, ನಾನು ಇನ್ನೊಂದು ಕಡೆ ಮೋಸ ಹೋದೆ. ಡೆಸ್ಕ್‌ಟಾಪ್ ಬೇರೆ ಅಂದರೆ ಲಾಗಿನ್ ಕೂಡ ಬೇರೆ ಅಂದುಕೊಂಡಿದ್ದೆ. ಜಿಎಸ್‌ಟಿಯಲ್ಲಿ ತಿಂಗಳ 11ಕ್ಕೆ ಮಾರಾಟದ ರಿಟರ್ನ್, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್ 3ಬಿ. ಆ ದಿನಗಳಲ್ಲಿ ಒಟ್ಟಿಗೆ ಎರಡು ಅಂಗಡಿಯ ಪೋರ್ಟಲ್ ತೆರೆಯುವ ಆಸೆ ಬರುತ್ತದೆ. ಒಂದು ಡೆಸ್ಕ್‌ಟಾಪ್‌ನಲ್ಲಿ ಬೇಕರಿ, ಇನ್ನೊಂದರಲ್ಲಿ ಹಾರ್ಡ್‌ವೇರ್ ಅಂಗಡಿ ಲಾಗಿನ್ ಮಾಡಿದೆ. ಎರಡನೆಯದು ಒಳಗೆ ಹೋಯಿತು, ಮೊದಲನೆಯದು ಹೊರಗೆ ಬಿತ್ತು. ಡೆಸ್ಕ್‌ಟಾಪ್ ಎರಡಾದರೂ ಕ್ರೋಮ್ ಒಂದೇ, ಅದು ನೆನಪಿಟ್ಟುಕೊಂಡ ಲಾಗಿನ್ನೂ ಒಂದೇ. ಇದಕ್ಕೆ ಕ್ರೋಮ್‌ನಲ್ಲೇ ಮದ್ದಿದೆ. ಮೇಲೆ ಬಲಗಡೆ ಇರುವ ಗುಂಡಗಿನ ಚಿತ್ರ ಒತ್ತಿ ಅಂಗಡಿಗೊಂದು ಪ್ರೊಫೈಲ್ ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣ ಕೊಡಿ. ಬೇಕರಿಗೆ ಹಳದಿ, ಹಾರ್ಡ್‌ವೇರ್‌ಗೆ ನೀಲಿ. ಲಾಗಿನ್ ಆಗ ನಿಜವಾಗಿಯೂ ಬೇರೆಯಾಗುತ್ತದೆ. ಆದರೂ ಪೋರ್ಟಲ್ ತೆರೆದಿಟ್ಟು ಬೇರೆ ಡೆಸ್ಕ್‌ಟಾಪ್‌ನಲ್ಲಿ ಲಗ್ನಪತ್ರಿಕೆ ತಿದ್ದುತ್ತಾ ಕೂರಬೇಡಿ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಅದೇ ಆಚೆ ಹಾಕುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಒಂದು ಎಚ್ಚರ. ನಾನು ನುಡಿ ಬಳಸುತ್ತೇನೆ, ಸ್ಕ್ರೋಲ್ ಲಾಕ್ ಒತ್ತಿ ಕನ್ನಡ, ಇಂಗ್ಲಿಷ್ ಬದಲಿಸುತ್ತೇನೆ. ಅದು ಡೆಸ್ಕ್‌ಟಾಪ್ ನೋಡಿಕೊಂಡು ಬದಲಾಗುವುದಿಲ್ಲ. ಲಗ್ನಪತ್ರಿಕೆಯಲ್ಲಿ 'ಚಿ. ಸೌ.' ಬರೆದು ಹಾಗೇ ಜಿಎಸ್‌ಟಿಗೆ ಹಾರಿದರೆ ಅಂಗಡಿಯ ನಂಬರ್ ಬದಲು ಏನೇನೋ ಅಕ್ಷರ ಬೀಳುತ್ತದೆ. ಲಗ್ನಪತ್ರಿಕೆ ಬಿಡುವ ಮುಂಚೆ ಸ್ಕ್ರೋಲ್ ಲಾಕ್. ಈಗ ಕೈಗೇ ಅಭ್ಯಾಸ ಆಗಿದೆ.

ವಾಟ್ಸಾಪ್ ಎಲ್ಲಿರಬೇಕು ಅನ್ನುವುದರ ಬಗ್ಗೆ ನನ್ನ ನಿಲುವು ಗಟ್ಟಿ. 'ಮನೆ'ಯಲ್ಲಿ ಮಾತ್ರ. ಬಿಲ್ಲಿನ ಫೋಟೊ ಎಲ್ಲ ಅದರಲ್ಲೇ ಬರುತ್ತದೆ ನಿಜ. ಆದರೆ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅಲ್ಲಿಗೆ ಹೋಗಿ ಎಲ್ಲವನ್ನೂ ಆಯಾ ಅಂಗಡಿಯ ಫೋಲ್ಡರ್‌ಗೆ ಇಳಿಸಿಕೊಂಡು ಬಂದರೆ ಸಾಕು. ಎಲ್ಲ ಕಡೆ ಬೇಕಾದದ್ದು ಕ್ಯಾಲ್ಕುಲೇಟರ್. ಅದನ್ನು ವಿಂಡೋಸ್, ಟ್ಯಾಬ್ ಪಟ್ಟಿಯಲ್ಲಿ ಬಲ ಕ್ಲಿಕ್ ಮಾಡಿ 'ಶೋ ದಿಸ್ ವಿಂಡೋ ಆನ್ ಆಲ್ ಡೆಸ್ಕ್‌ಟಾಪ್ಸ್' ಕೊಟ್ಟಿದ್ದೇನೆ. ಯಾವ ಮೇಜಿಗೆ ಹೋದರೂ ಅದು ಜೊತೆಗೇ ಬರುತ್ತದೆ. ಸಂದೇಶ ಬಂದಾಗ ಮೂಲೆಯಲ್ಲಿ ಪಾಪ್ ಆಗುವ ಚೀಟಿ ಮಾತ್ರ ಯಾವ ಡೆಸ್ಕ್‌ಟಾಪ್‌ನಲ್ಲಿದ್ದರೂ ಬರುತ್ತದೆ. ಅದನ್ನು ನಿಲ್ಲಿಸಲು ವಿಂಡೋಸ್ 11ರಲ್ಲಿ ವಿಂಡೋಸ್, ಎನ್ ಒತ್ತಿ ಅಲ್ಲಿರುವ ಗಂಟೆಯ ಗುರುತು ಒತ್ತಿ.

ಕರೆಂಟ್ ಹೋದರೆ? ಡೆಸ್ಕ್‌ಟಾಪ್‌ಗಳು, ಅವುಗಳ ಹೆಸರು, ಚಿತ್ರ ಎಲ್ಲ ಹಾಗೇ ಉಳಿಯುತ್ತವೆ. ಮೇಜು ಮಾತ್ರ ಖಾಲಿ, ಕಿಟಕಿಗಳು ವಾಪಸ್ ತಮ್ಮ ಜಾಗದಲ್ಲಿ ಬಂದು ಕೂರುವುದಿಲ್ಲ. ಇದು ನನಗೆ ಈಗಲೂ ಬೇಜಾರು. ನಾನು ಮಾಡಿಕೊಂಡ ಉಪಾಯ ಇದು. ಕೆಲಸಕ್ಕೊಂದು ಫೋಲ್ಡರ್, ಅದರೊಳಗೆ ಆ ಕೆಲಸಕ್ಕೆ ಬೇಕಾದ ಎಲ್ಲದರ ಶಾರ್ಟ್‌ಕಟ್. ಡೆಸ್ಕ್‌ಟಾಪ್‌ಗೆ ಹೋಗಿ ಫೋಲ್ಡರ್ ತೆರೆದು, ಕಂಟ್ರೋಲ್, ಎ ಒತ್ತಿ ಎಂಟರ್ ಹೊಡೆದರೆ ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ನಾಲ್ಕು ಡೆಸ್ಕ್‌ಟಾಪ್ ಹೊಂದಿಸಲು ಒಂದು ಟೀ ಆರುವಷ್ಟು ಹೊತ್ತೂ ಬೇಡ.

ಕಾಣದೆ ಇರುವ ಕಿಟಕಿಗಳೂ ಮೆಮೊರಿ ತಿನ್ನುತ್ತವೆ ಅನ್ನುವುದು ಮರೆಯಬೇಡಿ. ನನ್ನ ಹಳೇ 4 ಜಿಬಿ ಯಂತ್ರ ಕೋರೆಲ್ ಮತ್ತು ಕ್ರೋಮ್ ಒಟ್ಟಿಗೆ ತೆರೆದರೆ ಉಸಿರು ಕಟ್ಟುತ್ತಿತ್ತು. 8 ಜಿಬಿ ಹಾಕಿಸಿದ ಮೇಲೆ ಪರವಾಗಿಲ್ಲ. ನಾಲ್ಕಕ್ಕಿಂತ ಜಾಸ್ತಿ ಡೆಸ್ಕ್‌ಟಾಪ್ ಇಟ್ಟರೆ ಯಂತ್ರಕ್ಕಿಂತ ಮೊದಲು ನನ್ನ ತಲೆ ಸೋಲುತ್ತದೆ.

ಹಾಗಿದ್ದೂ ಐದನೆಯದು ಒಮ್ಮೆ ಬೇಕಾಯಿತು. 2023ರ ಜುಲೈನಲ್ಲಿ ಇಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತಲ್ಲ, ಆಗ ಅಪ್ಪನ ಹಳೇ ಮಂಡಿಯವರು ಸೀಸನ್ ಮುಗಿಯುವವರೆಗೆ ಲೆಕ್ಕಕ್ಕೆ ಕೈ ಜೋಡಿಸಿ ಅಂದರು. 'ಮಂಡಿ' ಅಂತ ಒಂದು ಡೆಸ್ಕ್‌ಟಾಪ್ ಮಾಡಿ ಅಪ್ಪನನ್ನೇ ಕೂರಿಸಿದೆ. ಒಂದು ದಿನ ನಾನು ಊಟಕ್ಕೆ ಹೋಗಿದ್ದಾಗ ಅವರು ಏನೋ ಮಾಡಲು ಹೋಗಿ ಆ ಡೆಸ್ಕ್‌ಟಾಪ್‌ನ ಮೂಲೆಯ ಇಂಟು ಗುರುತು ಒತ್ತಿಬಿಟ್ಟರು. ಮಂಡಿ ಮಾಯ. ಫೋನ್ ಮಾಡಿ "ಅಷ್ಟೂ ಲೆಕ್ಕ ಹೋಯ್ತಮ್ಮಾ" ಅಂದರು, ದನಿ ನಡುಗುತ್ತಿತ್ತು. ಡೆಸ್ಕ್‌ಟಾಪ್ ಮುಚ್ಚಿದರೆ ಅದರ ಕಿಟಕಿಗಳು ಮುಚ್ಚುವುದಿಲ್ಲ, ಪಕ್ಕದ ಡೆಸ್ಕ್‌ಟಾಪ್‌ಗೆ ಹೋಗಿ ಸೇರಿಕೊಳ್ಳುತ್ತವೆ. "ಅಪ್ಪಾ, ಜಿಎಸ್‌ಟಿಯಲ್ಲಿ ನೋಡು, ಕೆಂಪು ಬಣ್ಣದ್ದು" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇದೆ ಇದೆ. ಬೇಕರಿ ಪಕ್ಕದಲ್ಲಿ ಕೂತಿದೆ" ಅಂದರು.